ನನ್ನ ಕಾಯಿಲೆಯನ್ನು ಭಾವ ಹೇಳಿದ ದಿನ

ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ. ಅರ್ಧಕ್ಕೆ ಕೈ ನಿಂತಿತು. ಲೆಕ್ಕ ಮರೆತಿರಲಿಲ್ಲ. ಎದೆಯೊಳಗೆ ಯಾರೋ ಭತ್ತ ಕುಟ್ಟಲು ಶುರು ಮಾಡಿದ್ದರು. ಬೆವರು. ಬೆರಳ ತುದಿಯಲ್ಲಿ ಜುಮುಜುಮು. ಬೆನ್ನ ಹಿಂದೆ ಜಾಂಬಿಯಾದ ಮಕ್ಕಳು ಬಹಳ ಮರ್ಯಾದೆಯಿಂದ ಕಾಯುತ್ತಿದ್ದರು.

ಸಾಯುತ್ತಿದ್ದೇನೆ ಅಂದುಕೊಂಡೆ.

ಸಾಯಲಿಲ್ಲ. ಮರುವಾರ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಳ್ಳುವಾಗ ಮತ್ತೆ ಬಂತು. ಆಮೇಲೆ ಬಚ್ಚಲಲ್ಲಿ. ಆಮೇಲೆ ಎಲ್ಲೆಂದರಲ್ಲಿ.

ನಾನು ಹುಟ್ಟಾ ಚಿಂತೆಯ ಮನುಷ್ಯ. ಐವತ್ತಾರನೇ ಇಸವಿಯಲ್ಲಿ ನಮ್ಮ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಊರೆಲ್ಲ ಖುಷಿಯಲ್ಲಿದ್ದರೆ, ನನ್ನ ಮದರಾಸಿನ ಸರ್ಟಿಫಿಕೇಟು ಇನ್ನು ನಡೆಯುತ್ತದೋ ಇಲ್ಲವೋ ಎಂದು ಊಟ ಬಿಟ್ಟು ಕೂತವನು. ಹಾಗಾಗಿ ಜಾಂಬಿಯಾದಲ್ಲಿ ನಾನು ಎದೆ ಹಿಡಿದುಕೊಂಡು ಕೂತಾಗ ಹೆಂಡತಿ ರಾಜಮ್ಮ, ಇದು ಹೊಸದೋ ಯಾವಾಗಲೂ ಇರುವುದೋ ಎಂದು ಕೇಳಿದಳು. ಯಳಂದೂರಿನವಳು, ನೇರ ಮಾತು. ಪ್ರಶ್ನೆಯೂ ನ್ಯಾಯವಾದದ್ದೇ. ನನಗೇ ಗೊತ್ತಿರಲಿಲ್ಲ.

ಮೇಷ್ಟರ ಕೆಲಸ ಹಿಡಿದು ಹೋಗಿ ನಾವಿದ್ದದ್ದು ಗಣಿಯ ಊರು. ಅಲ್ಲಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಹೃದಯ ಚೆನ್ನಾಗಿದೆ ಎಂದರು. ನಿಜ ಹೇಳಬೇಕೆಂದರೆ ಬೇಜಾರಾಯಿತು. ಹೃದಯದ ಕಾಯಿಲೆಯಾದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ತಿಂಗಳಿಗೊಮ್ಮೆ ರಾಜಧಾನಿಯಿಂದ ಸೈಕಿಯಾಟ್ರಿಸ್ಟ್ ಬರುತ್ತಾರೆ, ಅವರನ್ನು ನೋಡಿ ಎಂದರು. ಶಾಲೆಯವರ ಕಣ್ಣು ತಪ್ಪಿಸಿ ಹೋದೆ. ಆ ಇಂಗ್ಲಿಷ್ ಡಾಕ್ಟರು ಸಭ್ಯರು. ರಾಜಮ್ಮನನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ, ಹೇಳಿ ಎಂದರು.

ನನಗೆ ಹೇಳಲು ಬರಲಿಲ್ಲ.

ಇಂಗ್ಲಿಷಿನ ತೊಂದರೆಯಲ್ಲ, ಅದರಲ್ಲೇ ಪಾಠ ಮಾಡಿ ಅನ್ನ ತಿನ್ನುವವನು. ನಮ್ಮ ಕಡೆ ರೋಗಿ ತನ್ನ ರೋಗವನ್ನು ತಾನೇ ಹೇಳುವುದಿಲ್ಲ. ಜೊತೆಗೆ ಬಂದವರು ಹೇಳುತ್ತಾರೆ. ಚಿಕ್ಕವನಿದ್ದಾಗ ಅವ್ವ ಹೇಳುತ್ತಿದ್ದಳು, ಅವಳಾದ ಮೇಲೆ ಅಕ್ಕ, ಆಮೇಲೆ ರಾಜಮ್ಮ. ನಾಲಿಗೆ ಚಾಚುವುದು, ಉಸಿರು ಎಳೆದು ಬಿಡುವುದು, ರೋಗಿಯ ಪಾಲಿನ ಕೆಲಸ ಇಷ್ಟೇ. ನಲವತ್ತು ದಾಟಿದ ನಾನು ಆ ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕೂತು, "ಸ್ವಲ್ಪ ಗ್ಯಾಸು" ಎಂದೆ. ನಿದ್ದೆ ಬರುತ್ತದೆಯೇ ಎಂದರು. ಬರುತ್ತದೆ ಎಂದೆ. ನಿದ್ದೆಯ ಮಾತ್ರೆ ಕೊಟ್ಟರು. ನನ್ನ ಸುಳ್ಳು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ. ಆಮೇಲೆ ಹೋದಾಗಲೆಲ್ಲ ಇದೇ ಕಥೆ.

ಕೊನೆಕೊನೆಗೆ ತರಗತಿಗೆ ಹೋಗುವುದೇ ತಪ್ಪತೊಡಗಿತು. ಅಷ್ಟರಲ್ಲಿ ದೊಡ್ಡ ರಜೆ ಬಂತು. ರಜೆ ಮುಗಿದ ಮೇಲೂ ಹಲಗೆಯ ಮುಂದೆ ನಿಲ್ಲಲಾಗದಿದ್ದರೆ ಕೆಲಸ ಬಿಡುವುದೇ ಸರಿ ಎಂದು ತೀರ್ಮಾನಿಸಿಕೊಂಡು ಊರಿಗೆ ಬಂದೆ.

ಅಕ್ಕನ ಮನೆ ಬಂಡಳ್ಳಿಯಲ್ಲಿ. ಬಾಗಿಲಲ್ಲೇ ನೋಡಿ, "ಇದೇನ್ಲಾ ಇಂಗ್ ಇಳಿದೋಗಿದ್ದೀಯ" ಎಂದಳು. ಮಾರನೆಯ ದಿನವೇ ಅವಳ ಗಂಡ, ನಮ್ಮ ಭಾವ, ಎತ್ತಿನ ಕೆಲಸ ಬಿಟ್ಟು ನನ್ನನ್ನೂ ರಾಜಮ್ಮನನ್ನೂ ಕೊಳ್ಳೇಗಾಲದ ಡಾಕ್ಟರ ಶಾಪಿಗೆ ಹೊರಡಿಸಿದರು. ಡಾಕ್ಟರು ವಯಸ್ಸಾದವರು. ಕೆಮ್ಮು, ಜ್ವರ, ಹಾವು ಕಡಿತ ಎಲ್ಲವನ್ನೂ ನೋಡುವವರು. ಹಿಂದೆ ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದರಂತೆ, ಆದರೆ ಭಾವ ಅವರನ್ನು ಆರಿಸಿದ್ದು ಇಂಜೆಕ್ಷನ್ ನೋಯುವುದಿಲ್ಲ ಎಂಬ ಕಾರಣಕ್ಕೆ. ಮಾರ್ಟಳ್ಳಿಯವರೊಬ್ಬರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಮ್ಮ ಅತ್ತೆಯ ಮಂಡಿನೋವನ್ನು ಹೇಳಿ ಮುಗಿಸಿದ ಮೇಲೆ ಮೂವರೂ ಒಳಗೆ ಹೋದೆವು. ಡಾಕ್ಟರು ಯಾರನ್ನೂ ಹೊರಗೆ ಕಳಿಸಲಿಲ್ಲ. ಭಾವ ಶುರು ಮಾಡಿದರು.

"ಸಾ, ಇವ್ರು ನಮ್ ಭಾಮೈದ. ಆಫ್ರಿಕಾದಲ್ಲಿ ಮೇಷ್ಟ್ರು. ಏನೂ ಆಗಿಲ್ಲ ಸಾ, ಪಿತ್ತ ಏರದೆ. ಅಲ್ಲಿ ರಾಗಿ ಸಿಕ್ಕಲ್ಲ ನೋಡಿ."

ಎದೆ ಹೊಡೆದುಕೊಳ್ಳುತ್ತದೆಯೇ ಎಂದು ಡಾಕ್ಟರು ನನ್ನನ್ನು ನೋಡಿ ಕೇಳಿದರು.

"ಅದೂ ಪಿತ್ತವೇ ಸಾ," ಎಂದರು ಭಾವ. "ಮೊದ್ಲಿಂದ್ಲೂ ಎದರುಪುಕ್ಲ. ತಾಳಿ ಕಟ್ಟೋ ಒತ್ನಲ್ಲಿ, ಸಂದೆ ಬಸ್ಸು ಸಿಕ್ತದಾ ಭಾವ ಅಂತ ನನ್ನ ಕೇಳ್ದೋರು ಇವ್ರು."

"ಈಗ್ಲೂ ಅಂಗೇಯ," ಎಂದಳು ರಾಜಮ್ಮ.

ಭಾವ ಕುರ್ಚಿ ಮುಂದಕ್ಕೆಳೆದುಕೊಂಡರು. "ಪಾಠ ಮಾಡದೇ ಇವ್ರಿಗೆ ಬ್ಯಾಡಾಗದೆ ಸಾ. ಆ ದೇಸಕ್ಕೆ ಓಗದು ಬ್ಯಾಡ ಅಂತ ನೀವೊಂದ್ ಮಾತು ಏಳ್ಬುಡಿ. ನಾಳೀಕೇ ಉಸಾರಾಯ್ತರೆ."

"ಅದಲ್ಲ ಭಾವ."

ಮೂವರೂ ನನ್ನ ಕಡೆ ತಿರುಗಿದರು. ನನಗೂ ಗಾಬರಿಯಾಯಿತು. ಆದರೆ ನನ್ನ ಕಾಯಿಲೆಯನ್ನು ಅಷ್ಟು ತಪ್ಪಾಗಿ ಹೇಳಿದ್ದನ್ನು ಕೇಳಿಕೊಂಡು ಕೂರಲು ಆಗಲಿಲ್ಲ. ತಪ್ಪು ಉತ್ತರ ಕಂಡರೆ ತಿದ್ದುವ ಮೇಷ್ಟರ ಚಾಳಿ ಇರಬೇಕು. ಪಾಠ ನನಗೆ ಬೇಕು ಎಂದೆ. ಪಾಠ ಮಾಡುವಾಗ ಮಾತ್ರ ನಾನು ಯಾವ ಚಿಂತೆಯೂ ಇಲ್ಲದ ಮನುಷ್ಯ, ಈ ಹಾಳಾದ್ದು ಅದನ್ನೇ ಕಿತ್ತುಕೊಳ್ಳುತ್ತಿದೆ ಎಂದೆ. ಬಸ್ಸು ಹತ್ತಲು ಭಯ, ಅಂಗಡಿಗೆ ಹೋಗಲು ಭಯ, ಭಯ ಬಂದೀತೆಂಬುದೇ ದೊಡ್ಡ ಭಯ. ನಿದ್ದೆ ಬಂದು ಎಷ್ಟೋ ಕಾಲವಾಯಿತು. ಅಲ್ಲಿನ ಡಾಕ್ಟರಿಗೆ ಬರೀ ಗ್ಯಾಸೆಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಒಮ್ಮೆ ಶುರುವಾದ ಮಾತು ನಿಲ್ಲಲೇ ಇಲ್ಲ.

"ಒಂದೊಂದ್ಸಲ ಇರೋದೇ ಬೇಡ ಅನ್ಸುತ್ತೆ ಸಾರ್."

ಅದು ರಾಜಮ್ಮನಿಗೂ ಗೊತ್ತಿರಲಿಲ್ಲ.

ಅವಳು ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. ಭಾವ ಹೆಗಲ ಟವೆಲು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಮೇಷ್ಟ್ರು, ಇವ್ರು ಎಂಬ ಮರ್ಯಾದೆಯ ಮಾತೆಲ್ಲ ಹೋಗಿತ್ತು.

"ಇದ ನಮ್ಗ್ಯಾಕ್ಲಾ ಏಳ್ನಿಲ್ಲ?"

ಡಾಕ್ಟರು ಆ ಕೊನೆಯ ಮಾತನ್ನೇ ಹಿಡಿದು ನಿಧಾನವಾಗಿ ವಿಚಾರಿಸಿದರು. ಯಾವಾಗ ಅನ್ನಿಸುತ್ತದೆ, ಏನಾದರೂ ಮಾಡಿಕೊಳ್ಳಲು ಹೋಗಿದ್ದೆನೇ, ಎಲ್ಲವನ್ನೂ. ಇಲ್ಲ ಎಂದೆ. ನಿಜವೇ ಹೇಳಿದೆ. ಮಾತ್ರೆ ಬರೆದು, ಅದು ರಾಜಮ್ಮನ ಕೈಯಲ್ಲಿರಲಿ ಎಂದರು. ಇದು ಪಿತ್ತವಲ್ಲ, ಪುಕ್ಕಲುತನವೂ ಅಲ್ಲ, ಕಾಯಿಲೆ, ವಾಸಿಯಾಗುವಂಥದ್ದು ಎಂದು ಭಾವನಿಗೆ ಬಿಡಿಸಿ ಹೇಳಿದರು. ಅದೇ ಮಾತ್ರೆ ಜಾಂಬಿಯಾದಲ್ಲೂ ಸಿಗುತ್ತದಂತೆ.

"ಅಲ್ಲಿನ ಡಾಕ್ಟರು ಕೆಟ್ಟವರೇನಲ್ಲ," ಎಂದರು ನನಗೆ. "ಅವರಿಗೆ ನೀವು ಏನೂ ಹೇಳಲಿಲ್ಲ, ಅಷ್ಟೇ. ಈಗ ಹೇಳಿದ್ದನ್ನು ಅಲ್ಲೂ ಹೇಳಿ."

ಮೊದಮೊದಲು ಬಾಯಿ ಒಣಗಿ ಸಾಕಾಯಿತು. ಮಾತ್ರೆಗೇ ಸಾಯುತ್ತೇನೆಂದು ಹೊಸ ಚಿಂತೆ ಹಚ್ಚಿಕೊಂಡೆ. ರಾಜಮ್ಮ ನೀರಿನ ಚೊಂಬು ಕೊಟ್ಟು ಮಾತ್ರೆ ನುಂಗುವವರೆಗೂ ಎದುರಿಗೆ ನಿಲ್ಲುತ್ತಿದ್ದಳು. ವಾರವಾರವೂ ಡಾಕ್ಟರನ್ನು ಕಂಡು ಬಂದೆವು. ನಿದ್ದೆ ಬರತೊಡಗಿತು. ಒಂದು ದಿನ ಹನೂರಿಗೆ ಒಬ್ಬನೇ ಬಸ್ಸಿನಲ್ಲಿ ಹೋಗಿ, ಕಾಫಿ ಕುಡಿದು ಬಂದೆ. ಅಂಥ ಸಪ್ಪೆ ಕಾಫಿ ಅಷ್ಟು ರುಚಿಯಾಗಿ ಮತ್ತೆಲ್ಲೂ ಕುಡಿದಿಲ್ಲ. ಭಾವನಂತೂ ಸಿಕ್ಕವರಿಗೆಲ್ಲ, ತಾವು ಬೇಕೆಂದೇ ತಪ್ಪು ಹೇಳಿ ನನ್ನ ಬಾಯಿ ಬಿಡಿಸಿದ್ದು ಎಂದು ಹೇಳಿಕೊಂಡು ತಿರುಗಿದರು. ನಾನು ತಿದ್ದಲು ಹೋಗಲಿಲ್ಲ.

ರಜೆ ಮುಗಿಸಿ ಜಾಂಬಿಯಾಕ್ಕೆ ಬಂದು, ಸೈಕಿಯಾಟ್ರಿಸ್ಟ್ ಬರುವ ದಿನ ನೋಡಿಕೊಂಡು ಹೋದೆ. ಕೊಳ್ಳೇಗಾಲದಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ನಡುವೆ ಕೈಯೆತ್ತಿ, ಸ್ವಲ್ಪ ನಿಧಾನ ಎನ್ನಬೇಕಾಯಿತು. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಆಗ ನನ್ನ ಭಾವ ಇಲ್ಲಿರಲಿಲ್ಲ ಎಂದೆ. ಅವರಿಗೆ ಏನು ಅರ್ಥವಾಯಿತೋ, ತಲೆಯಾಡಿಸಿದರು.

ಮಾತ್ರೆ ಇನ್ನೂ ಬಹಳ ಕಾಲ ಬೇಕಂತೆ. ಆಗಾಗ ಎದೆ ಹಾರುತ್ತದೆ, ಇಳಿಯುತ್ತದೆ. ಶಾಲೆಯ ಈ ಟರ್ಮಿನಲ್ಲಿ ಇದುವರೆಗೆ ಒಂದು ಪಾಠವೂ ತಪ್ಪಿಸಿಲ್ಲ.