ಮಾಸ್ತಮ್ಮನ ಪಟ

ದೆವ್ವ, ಭೂತ, ಕನಸಿನಲ್ಲಿ ಬಂದು ಹೇಳಿತು ಎಂದೆಲ್ಲ ಯಾರಾದರೂ ಶುರು ಮಾಡಿದರೆ ಮೊದಲು ನಗುವವನು ನಾನೇ. ಹೊನ್ನಾವರದ ನನ್ನ ಸ್ಟುಡಿಯೋದಲ್ಲಿ ಕೂತು ಇಂಥ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಫೋಟೋ ತೆಗೆಯುವವನಿಗೆ ಬೆಳಕು ಬಿದ್ದದ್ದಷ್ಟೇ ನಿಜ, ಉಳಿದದ್ದೆಲ್ಲ ಬೊಗಳೆ ಎನ್ನುತ್ತಿದ್ದೆ. ಈಗ ಹೇಳಹೊರಟಿರುವುದು ದೆವ್ವದ ಸಂಗತಿಯೇನಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಹೆದರಿಕೆಯೂ ಆಗುವುದಿಲ್ಲ, ನಾಚಿಕೆಯಾಗುತ್ತದೆ. ಅದಕ್ಕೇ ಇಷ್ಟು ವರ್ಷ ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮೊದಲು ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ರೀಲಿನ ಕಾಲದಲ್ಲಿ ಮದುವೆಮನೆಗೆ ಹೋದರೆ ಎಲ್ಲರೂ ‘ನಂದೊಂದು ತೆಗಿ, ನಂದೊಂದು ತೆಗಿ’ ಎಂದು ಗಂಟುಬೀಳುತ್ತಿದ್ದರು. ಎಲ್ಲರದನ್ನೂ ತೆಗೆಯುತ್ತ ಕೂತರೆ ಧಾರೆಯ ಹೊತ್ತಿಗೆ ರೀಲೇ ಇರುವುದಿಲ್ಲ. ಹಾಗಾಗಿ ಕ್ಯಾಮರಾ ಮುಟ್ಟದೆ ಫ್ಲ್ಯಾಶಿನ ಹಿಂದಿನ ಗುಂಡಿಯನ್ನಷ್ಟೇ ಒತ್ತುತ್ತಿದ್ದೆವು. ಬೆಳಕು ಚಕ್ಕನೆ ಬರುತ್ತದೆ, ನಿಂತವರಿಗೆ ಸಮಾಧಾನ, ನಮಗೆ ರೀಲು ಉಳಿತಾಯ. ಇದಕ್ಕೆ ನಾವು ‘ಖಾಲಿ ಫ್ಲ್ಯಾಶ್’ ಎನ್ನುತ್ತಿದ್ದೆವು. ಅದರಲ್ಲಿ ತಪ್ಪಿದೆ ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಡಿಜಿಟಲ್ ಕ್ಯಾಮರಾ ಕೊಂಡ ಹೊಸತರಲ್ಲೂ ಆ ಚಾಳಿ ಬಿಡಲಿಲ್ಲ. ಇದ್ದದ್ದು ಒಂದೇ ಮೆಮೊರಿ ಕಾರ್ಡು, ಅದರಲ್ಲಿ ಹಿಡಿಯುತ್ತಿದ್ದದ್ದೂ ಅಷ್ಟಕ್ಕಷ್ಟೆ.

ಆ ವರ್ಷ ಮಾವಳ್ಳಿಯಲ್ಲಿ ಸುಜಾತ ಎಂಬ ಹುಡುಗಿಯ ಮದುವೆ. ಮನೆಯಂಗಳದಲ್ಲೇ ಚಪ್ಪರ. ತಾಯಿ ಇಲ್ಲದ ಆ ಹುಡುಗಿಯನ್ನು ಸಾಕಿದವಳು ಅಜ್ಜಿ ಮಾಸ್ತಮ್ಮ. ಆದರೆ ಗಂಡ ಸತ್ತವಳಲ್ಲವೇ, ಧಾರೆ ಎರೆಯುವಾಗ ಆಕೆ ಚಪ್ಪರದ ಕಡೆ ತಲೆ ಹಾಕಲಿಲ್ಲ. ಮನೆಯ ಹಿಂದೆ ಒರಳುಕಲ್ಲಿನ ಹತ್ತಿರ ಕೂತು ಕಾಯಿ ತುರಿಯುತ್ತಿದ್ದಳು. ಯಾರೂ ಬರಬೇಡ ಎಂದಿರಲಿಲ್ಲ, ಯಾರೂ ಬಾ ಎಂದೂ ಕರೆಯಲಿಲ್ಲ.

ಊಟದ ಪಂಕ್ತಿ ಮುಗಿದ ಮೇಲೆ, ಮಧ್ಯಾಹ್ನ, ಆಕೆ ಹೊಸ ಸೀರೆ ಉಟ್ಟು ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

“ತಮಾ, ನಂದೂ ಮಗೀದೂ ಒಂದು ಪಟ ತೆಗಿ. ಆಗ ಬರೂಕಾಗ್ಲಿಲ್ಲ.”

ನಾನು ಆಗಷ್ಟೇ ಎಲೆಯ ಮುಂದೆ ಕೂರಲು ಹೊರಟಿದ್ದೆ. ಲೆನ್ಸಿಗೆ ಮುಚ್ಚಳ ಹಾಕಿಯಾಗಿತ್ತು. ಕಾರ್ಡಿನಲ್ಲಿ ಉಳಿದಿದ್ದ ಜಾಗ ಹೆಣ್ಣು ಕಳಿಸುವ ಹೊತ್ತಿಗೆ ಬೇಕಿತ್ತು. ಅಜ್ಜಿಯ ಪಟವನ್ನು ಆಲ್ಬಮ್ಮಿಗೆ ಯಾರು ಹಾಕಿಸುತ್ತಾರೆ ಎಂದುಕೊಂಡು, ಮುಚ್ಚಳ ತೆಗೆಯದೆ ಕ್ಯಾಮರಾ ಕಣ್ಣಿಗಿಟ್ಟು ಫ್ಲ್ಯಾಶಿನ ಗುಂಡಿ ಒತ್ತಿದೆ.

“ಆತು ಅಜ್ಜಿ” ಎಂದೆ.

ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. “ಇದ್ರಲ್ಲಿ ಈಗ್ಲೇ ಕಾಣ್ತದಂತೆ, ಹೌದಾ? ತೋರ್ಸು ಕಾಂಬ” ಎಂದಳು. ನಾನೆಂತ ಮಾಡಿದೆ ಗೊತ್ತೇ? ಹಿಂದಿನ ಫೋಟೋ ಒಂದನ್ನು ತೆರೆದು, ಸುಜಾತ ಒಬ್ಬಳೇ ಚಪ್ಪರದ ಕಂಬದ ಪಕ್ಕ ನಿಂತಿದ್ದನ್ನು, ಮಾಸ್ತಮ್ಮನ ಮೂಗಿನ ಹತ್ತಿರ ಹಿಡಿದೆ. ಆಕೆಗೆ ಕಣ್ಣು ಅಷ್ಟು ಸರಿಯಿರಲಿಲ್ಲ. “ನಾನೆಲ್ಲಿದ್ದೆ?” ಎಂದಳು. ನಾನು ಕಂಬದ ಮೇಲೆ ಬೆರಳಿಟ್ಟು “ಇಲ್ಲಿ ನೋಡಿ” ಎಂದೆ. ಆಕೆ ಬಹಳ ಹೊತ್ತು ನೋಡಿದಳು. “ಚೆಂದ ಬಂದದೆ” ಎಂದು ನನ್ನ ಬೆನ್ನು ತಟ್ಟಿ ಹೋದಳು. ಥೂ, ಅದನ್ನು ಬರೆಯುವಾಗ ಈಗಲೂ ಬೆನ್ನು ಬೆವರುತ್ತದೆ. ಆಗ ಮಾತ್ರ ನಾನು ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡೆ.

ಮರುದಿನ ಸ್ಟುಡಿಯೋದಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಫೋಟೋಗಳು ಇಳಿಯುತ್ತಿರುವಾಗಲೇ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ನೋಡಿದರೆ ‘ಮಾವಳ್ಳಿ’ ಎಂದು ನಾನು ಹೆಸರಿಟ್ಟಿದ್ದ ಫೋಲ್ಡರ್ ಅಲ್ಲೇ ಇತ್ತು. ಎಲ್ಲ ಬಂದಿರಬೇಕು ಎಂದುಕೊಂಡು, ಎರಡು ದಿನ ಬಿಟ್ಟು ಇಡಗುಂಜಿಯಲ್ಲಿದ್ದ ಒಂದು ಉಪನಯನಕ್ಕೆ ಬೇಕೆಂದು ಕಾರ್ಡನ್ನು ಪೂರ್ತಿ ಅಳಿಸಿಬಿಟ್ಟೆ. ಸಂಜೆ ಫೋಲ್ಡರ್ ತೆರೆದರೆ ಏಳೇ ಫೋಟೋ. ಧಾರೆ ಇಲ್ಲ, ಸಪ್ತಪದಿ ಇಲ್ಲ, ಏನೂ ಇಲ್ಲ. ಒಂದು ಮನೆಯ ಇಡೀ ಮದುವೆಯನ್ನು ಒರೆಸಿಹಾಕಿದ್ದೆ.

ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಿನಾಯಕ ಎಂಬ ಗೆಳೆಯನಿದ್ದ. ಫೋನು ಮಾಡಿದಾಗ “ಅದ್ರ ಮೇಲೆ ಇನ್ನೊಂದೂ ಫೋಟೋ ತೆಗಿಬೇಡ ಮಾರಾಯ, ಹಾಗೇ ತಕಂಡು ಬಾ” ಎಂದ. ಕಾರ್ಡನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹಿಡಿದೆ. ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಅದರ ಜಾಗಕ್ಕೆ ಬೇರೊಂದು ಬಂದು ಕೂರುವವರೆಗೆ ಒಳಗೇ ಇರುತ್ತದೆ ಎಂದು ಅವನು ಹೇಳಿದ. ಅವನ ಸಾಫ್ಟ್‌ವೇರ್ ಒಂದೊಂದನ್ನೇ ಹುಡುಕಿ ತರತೊಡಗಿತು. ಅರಿಶಿನದ ಕೈಗಳು ಬಂದವು, ಧಾರೆ ಬಂತು. ಕೆಲವು ಅರ್ಧ ಬೂದುಬಣ್ಣವಾಗಿ ಬಂದವು. ನನಗೆ ಹೋದ ಜೀವ ಬಂದಂತಾಯಿತು.

ಕೊನೆಯಲ್ಲಿ ಒಂದು ಫೋಟೋ ತೆರೆದುಕೊಂಡಿತು. ಮಾಸ್ತಮ್ಮ ಮತ್ತು ಸುಜಾತ. ಹಿಂದೆ ಮನೆಯ ಬಾಗಿಲು, ತೋರಣ. ಮಾಸ್ತಮ್ಮ ಮೊಮ್ಮಗಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೇರ ನನ್ನನ್ನೇ ನೋಡುತ್ತಿದ್ದಳು.

“ಇದೊಂದು ಭಾರೀ ಚಲೋ ಬಂದದೆ” ಎಂದ ವಿನಾಯಕ.

ನಾನು ಸ್ಟೂಲು ಹಿಡಿದುಕೊಂಡು ಕೂತೆ. ಎಂತ ಆಯ್ತು ಎಂದು ಕೇಳಿದ. ಹಸಿವೆ ಎಂದೆ. ಕೈತಪ್ಪಿ ಕ್ಯಾಮರಾದ ಗುಂಡಿಯನ್ನೂ ಒತ್ತಿರಬಹುದೇ? ಒತ್ತಿದ್ದರೂ ಮುಚ್ಚಳ ಹಾಕಿದ ಲೆನ್ಸಿನಲ್ಲಿ ಕತ್ತಲೆಯಲ್ಲದೆ ಬೇರೇನು ಬರಬೇಕು? ಮುಚ್ಚಳ ತೆಗೆದಿದ್ದೆನೇ? ಅದನ್ನೇ ನೂರು ಸಲ ಕೇಳಿಕೊಂಡು ಹೊನ್ನಾವರಕ್ಕೆ ಮರಳಿದೆ.

ನನ್ನ ಪ್ರತಿ ಪ್ರಿಂಟಿನ ಬೆನ್ನಿಗೂ ಸ್ಟುಡಿಯೋದ ರಬ್ಬರ್ ಸ್ಟ್ಯಾಂಪು ಒತ್ತುವುದು ರೂಢಿ. ಮಾಸ್ತಮ್ಮನ ಪಟದ ಪ್ರಿಂಟಿಗೆ ಮಾತ್ರ ಒತ್ತಲು ಕೈ ಬರಲಿಲ್ಲ.

ಆಲ್ಬಮ್ ಕೊಡಲು ಮಾವಳ್ಳಿಗೆ ಹೋದಾಗ ಸುಜಾತ ತವರಿಗೆ ಬಂದಿದ್ದಳು. ಆ ಫೋಟೋವನ್ನು ಬೇರೆಯಾಗಿ ಮಾಸ್ತಮ್ಮನ ಕೈಗಿಟ್ಟೆ. ಆಕೆಗೇನೂ ಆಶ್ಚರ್ಯವಾಗಲಿಲ್ಲ.

“ಅವತ್ತು ತೋರ್ಸಿದ್ದು ಇದೇ ಅಲ್ದಾ? ಮಗೀ ಸೆರಗು ಹಿಡ್ಕಂಡಿದ್ದೆ ನೋಡು. ನಂಗೆ ಆಗ್ಲೇ ಕಂಡಿತ್ತು.”

ನಾನು ತೋರಿಸಿದ್ದು ಕಂಬವನ್ನು. ಅದನ್ನು ಹೇಳಿ ಕಾಲಿಗೆ ಬೀಳಬೇಕಿತ್ತು. ಹಲ್ಲು ಕಿರಿದು ನಿಂತೆ.

ಸುಜಾತ ಮಾತ್ರ ನಗಲಿಲ್ಲ. ಹೊರಟವನ ಹಿಂದೆ ಬೇಲಿಬಾಗಿಲ ದಣಪೆಯವರೆಗೆ ಬಂದು ಮೆಲ್ಲಗೆ ಹೇಳಿದಳು: “ಅಣ್ಣ, ಮುಚ್ಚಳ ಹಾಕೇ ಇತ್ತು. ನಾ ಕಂಡಿದ್ದೆ. ಅಜ್ಜಿಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ. ಇದನ್ನ ಎಲ್ಲಿಂದ ತಂದ್ರಿ?”

“ಕಾರ್ಡಲ್ಲಿತ್ತು” ಎಂದೆ. ನಿಜವನ್ನೇ ಹೇಳಿದ್ದೆ, ಆದರೂ ಅವಳ ಮುಖ ನೋಡಲಾಗಲಿಲ್ಲ.

ಅಲ್ಲಿಂದಾಚೆಗೆ ನಾನು ಖಾಲಿ ಫ್ಲ್ಯಾಶ್ ಒತ್ತಿಲ್ಲ. ಯಾರು ಕೇಳಿದರೂ ತೆಗೆದೇ ತೆಗೆಯುತ್ತೇನೆ. ತಿಳಿದವರ ಹತ್ತಿರ ಬೇರೆಯವರ ಹೆಸರು ಹೇಳಿ ಈ ವಿಷಯ ಕೇಳಿ ನೋಡಿದ್ದೇನೆ. ಮುಚ್ಚಳ ತೆಗೆದದ್ದು ನಿಮ್ಮ ಗೆಳೆಯನಿಗೆ ಮರೆತಿರಬೇಕು ಎನ್ನುತ್ತಾರೆ. ನಾನೂ ಹಾಗೆಂದುಕೊಳ್ಳಲು ನೋಡುತ್ತೇನೆ. ಆದರೆ ಮುಚ್ಚಳವನ್ನು ಸುಜಾತಳೂ ನೋಡಿದ್ದಳಲ್ಲ.

ಕೆಲವು ವರ್ಷಗಳ ಮೇಲೆ ಮಾಸ್ತಮ್ಮ ತೀರಿಕೊಂಡಳು. ಆಕೆಯ ಮಗ, ಸುಜಾತಳ ಅಪ್ಪ, ಅದೇ ಫೋಟೋ ಹಿಡಿದುಕೊಂಡು ಬಂದ. ಅಮ್ಮನದು ಇದೊಂದೇ ಪಟ ಇರುವುದು, ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡಿ ಎಂದ. ಮತ್ತೆ ಏನೋ ನೆನಪಾದವನಂತೆ ಅದನ್ನು ತಿರುಗಿಸಿ ಖಾಲಿ ಬೆನ್ನನ್ನು ನೋಡಿದ.

“ಸ್ಟ್ಯಾಂಪೇ ಇಲ್ಲ. ಇದು ನೀವೇ ತೆಗೆದದ್ದು ಅಲ್ದಾ?”

ನಾನು ಹೌದು ಎಂದೆ.