ಪಿನ್ನಕ್ಕನ ಕೈ

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸಗಳು ಇವು: ಅತ್ತೆಯನ್ನು ಮಗ್ಗುಲು ಹೊರಳಿಸಿ ಕೆಳಗಿನ ಒದ್ದೆ ಬಟ್ಟೆ ಬದಲಿಸುವುದು. ಅದನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ನೀರು ಕಾಯುವಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿಗಳನ್ನು ಚಾರ್ಜರಿನಿಂದ ಬಿಡಿಸಿ ಚೀಲಕ್ಕೆ ಹಾಕುವುದು. ಒಂದು ಕಣ್ಣನ್ನು ಹಾಲಿನ ಮೇಲಿಟ್ಟು ಇನ್ನೊಂದರಲ್ಲಿ ಲೆನ್ಸಿನ ಧೂಳು ನೋಡುವುದು. ಗಂಡನ ಅಂಗಿಗೆ ಇಸ್ತ್ರಿ. ಅತ್ತೆಯ ಬಾಯಿಗೆ ಗಂಜಿ, ಗುಳಿಗೆ, ಮತ್ತೆ ನೀರು. ಗಂಡ ಏಳುವ ಹೊತ್ತಿಗೆ ಕಾಫಿ ಆರಿರಬಾರದು, ನಾಲಿಗೆ ಸುಡಲೂಬಾರದು. ಇಷ್ಟಾದ ಮೇಲೆ ಸೊಂಟದ ಪುಟ್ಟ ಚೀಲಕ್ಕೆ ಸೇಫ್ಟಿ ಪಿನ್ನು ತುಂಬಿಕೊಂಡು ಅವಳು ಫೋಟೊಗ್ರಾಫರ್ ಆಗುತ್ತಾಳೆ.

ಆಗುತ್ತಾಳೆ ಎಂದರೆ, ಹಾಗೆಂದು ಯಾರೂ ಕರೆಯುವುದಿಲ್ಲ. ಮದುವೆ ಹೆಣ್ಣುಗಳಿಗೆಲ್ಲ ಅವಳು ಪಿನ್ನಕ್ಕ. ಭುಜದ ಬಟ್ಟೆ ಜಾರಿದಾಗ, ಕೊಕ್ಕೆ ಕಿತ್ತುಹೋದಾಗ, ಎಲ್ಲಿಂದಲೋ ಬಂದು ಪಿನ್ನು ಚುಚ್ಚಿ ಹೋಗುವವಳು. ಸ್ಟುಡಿಯೋದ ಬೋರ್ಡಿನ ಮೇಲಿರುವುದು ಗಂಡನ ಹೆಸರು, ಗಂಡನ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ ‘ಕ್ಯಾಂಡಿಡ್ ಸ್ಪೆಷಲಿಸ್ಟ್’. ಅವನು ವೇದಿಕೆಯ ಮುಂದೆ ನಿಂತು, “ಸರ್, ಸ್ವಲ್ಪ ಗಲ್ಲ ಎತ್ತಿ, ಹೆಂಡ್ತಿ ಕಡೆ ನೋಡಿ, ಇನ್ಮೇಲೆ ಅಭ್ಯಾಸ ಆಗ್ಲೇಬೇಕಲ್ಲ” ಎಂದು ನಗಿಸುತ್ತಾನೆ. ನಗದೆ ಇರುವವರನ್ನು, ಯಾರೂ ತಮ್ಮನ್ನು ನೋಡುತ್ತಿಲ್ಲ ಅಂದುಕೊಂಡವರನ್ನು ತೆಗೆಯುವವಳು ಇವಳು.

ಅದಕ್ಕೆ ಅವಳದೇ ಒಂದು ಉಪಾಯವಿತ್ತು. ಕೈಯಲ್ಲಿ ಲೋಟಗಳ ಟ್ರೇ ಹಿಡಿದು ಒಳಗೆ ಹೋಗುವುದು. ಟ್ರೇ ಹಿಡಿದ ಹೆಂಗಸನ್ನು ಯಾವ ಮನೆಯಲ್ಲೂ ಯಾರೂ ತಲೆಯೆತ್ತಿ ನೋಡುವುದಿಲ್ಲ. ಜಗಳ ನಿಲ್ಲುವುದಿಲ್ಲ, ಅಳು ನಿಲ್ಲುವುದಿಲ್ಲ. ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳು ಕ್ಯಾಮೆರಾ ಎತ್ತುತ್ತಿದ್ದಳು. ಕನ್ನಡಿಯ ಮುಂದೆ ಒಬ್ಬಳೇ ತನ್ನ ಹೊಸ ಹೆಸರನ್ನು ಹೇಳಿಕೊಂಡು ನೋಡುತ್ತಿದ್ದ ಹುಡುಗಿ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಚ್ಚಿ ಊದಿದ ಪಾದ ತಿಕ್ಕಿಕೊಳ್ಳುತ್ತಿದ್ದ ತಾಯಿ: ಊರೆಲ್ಲ ಹೊಗಳಿದ ಫೋಟೊಗಳು ಇವು. ಹೊಗಳಿಕೆ ಬೋರ್ಡಿನ ಮುಖಕ್ಕೆ ಹೋಯಿತು.

ಒಂದು ದಿನ ಒಬ್ಬಳು ಹುಡುಗಿ ಸ್ಟುಡಿಯೋಗೆ ಬಂದಳು. ಗಂಡ ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ.

“ನಮ್ಮಕ್ಕನ ಮದುವೇಲಿ ಪಿನ್ನು ಹಾಕಿದ್ರಲ್ಲ, ಅವರು ಬೇಕು ನಂಗೆ. ಅವರೊಬ್ರೇ.”

“ಅವಳು ನನ್ನ ಅಸಿಸ್ಟೆಂಟಮ್ಮ.”

“ಪರವಾಗಿಲ್ಲ ಸರ್. ಅಸಿಸ್ಟೆಂಟೇ ಸಾಕು.”

ಒಳಗೆ ಆಲ್ಬಂ ಜೋಡಿಸುತ್ತಿದ್ದ ಪಿನ್ನಕ್ಕನಿಗೆ ನಗು ತಡೆಯಲಾಗಲಿಲ್ಲ.

ತನ್ನ ಮದುವೆಯ ಆಲ್ಬಂನಲ್ಲಿ ಹುಡುಗಿಗೆ ಮುಖ್ಯವಾಗಿ ಬೇಕಾದದ್ದು ಒಂದೇ ಫೋಟೊ, ಮೊದಲ ಪುಟಕ್ಕೆ. ಅವಳನ್ನು ಸಾಕಿದ್ದು ಅಜ್ಜಿ. ಈಗ ಅಜ್ಜಿಗೆ ನೆನಪು ಅಳಿಸಿಹೋಗಿದೆ, ಮೊಮ್ಮಗಳನ್ನು ನರ್ಸ್ ಅಂದುಕೊಂಡಿದ್ದಾಳೆ. “ಮದುವೆ ಬಟ್ಟೇಲಿ ನೋಡಿದ್ರೆ ಗುರುತು ಹಿಡೀಬಹುದು ಅಕ್ಕ. ಹಿಡೀದೇನೂ ಇರಬಹುದು. ಹಿಡಿದ್ರೆ ಆ ಮುಖ ನಂಗೆ ಬೇಕು. ಜನ ಕಂಡ್ರೆ ಅಜ್ಜಿ ಹೆದರ್ತಾಳೆ. ಫೋನೆಲ್ಲ ಹೊರಗಿಡಿಸ್ತೀನಿ. ನೀವೊಬ್ರೇ ಇರಿ.”

ರಾತ್ರಿ ಊಟಕ್ಕೆ ಕುಳಿತಾಗ ಗಂಡ ಹೇಳಿದ, “ಹೋಗು, ಬೇಡ ಅನ್ನಲ್ಲ. ಅಮ್ಮನ್ನ ನಾನು ನೋಡ್ಕೋತೀನಿ. ಆದ್ರೆ ಎಡವಟ್ಟಾದ್ರೆ ಇದೇ ಮೊದಲು, ಇದೇ ಕೊನೆ. ಆಮೇಲೆ ಮೂತಿ ಉದ್ದ ಮಾಡ್ಕೊಂಡು ಓಡಾಡಬಾರದು.”

“ಮಧ್ಯಾಹ್ನ ಅತ್ತೆ ಬಟ್ಟೆ ಬದಲಾಯಿಸ್ಬೇಕು.”

“ಗೊತ್ತು ಕಣೇ. ನಮ್ಮಮ್ಮ ಅಲ್ವಾ?”

ಮದುವೆಯ ದಿನ ಪಿನ್ನಕ್ಕ ಟ್ರೇ ಹಿಡಿಯಲಿಲ್ಲ. ತನ್ನದೇ ಕೆಲಸಕ್ಕೆ ಬಂದವಳ ಹಾಗೆ ಕ್ಯಾಮೆರಾವನ್ನು ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಹೆಣ್ಣಿನ ಕೋಣೆಯಲ್ಲಿ ನಿಂತಳು. ಕಿಟಕಿಯ ಬೆಳಕು ಬಾಗಿಲ ಮೇಲೆ ಬೀಳುತ್ತಿತ್ತು. ಗಾಲಿಕುರ್ಚಿ ಎಲ್ಲಿ ನಿಲ್ಲುತ್ತದೆ ಎಂದು ಕಾಲಿನಿಂದ ಅಳೆದು ನೋಡಿಕೊಂಡಿದ್ದಳು.

ಅಜ್ಜಿಯ ಕುರ್ಚಿಯನ್ನು ತಳ್ಳಿಕೊಂಡು ಬಂದವಳು ಹುಡುಗಿಯ ದೊಡ್ಡಮ್ಮ. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಕುದಿಯುವ ಚಹಾದ ದೊಡ್ಡ ಕೆಟಲ್. ಹೊಸ್ತಿಲಿಗೆ ಗಾಲಿ ಸಿಕ್ಕಿಕೊಂಡಿತು. ದೊಡ್ಡಮ್ಮ ಪಿನ್ನಕ್ಕನ ಮುಖ ನೋಡಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ.

“ಏನಮ್ಮಾ, ಹಿಡ್ಕೋ ಇದನ್ನ.”

ಪಿನ್ನಕ್ಕನ ಕೈಗಳು ತೆರೆದುಕೊಂಡವು. ಬೇಡ ಎನ್ನುವ ಮಾತು ಗಂಟಲಿಗೆ ಬರುವ ಮೊದಲೇ ಎರಡು ಕೈಯೂ ಮುಂದೆ ಹೋಗಿ ಕೆಟಲನ್ನು ತೆಗೆದುಕೊಂಡಿದ್ದವು. ಒಂದು ಹಿಡಿಕೆಯ ಮೇಲೆ, ಇನ್ನೊಂದು ಬಿಸಿಯಾದ ತಳದ ಕೆಳಗೆ, ಸೆರಗಿನ ಅಂಚು ಸೇರಿಸಿ. ಅಚ್ಚುಕಟ್ಟಾಗಿ.

ಅಷ್ಟರಲ್ಲಿ ಅಜ್ಜಿ ತಲೆಯೆತ್ತಿದಳು.

“ಗುಬ್ಬೀ,” ಎಂದಳು. “ಎಷ್ಟು ದೊಡ್ಡೋಳಾಗ್ಬಿಟ್ಟೆ! ಊಟ ಮಾಡಿದ್ಯಾ?”

ಹುಡುಗಿ ನೆಲಕ್ಕೆ ಕುಸಿದು ಅಜ್ಜಿಯ ಮಡಿಲಲ್ಲಿ ಮುಖವಿಟ್ಟಳು. ಪಿನ್ನಕ್ಕ ಸುತ್ತ ನೋಡಿದಳು. ಮೇಜಿನ ತುಂಬ ಹೂವು, ಆಭರಣದ ಪೆಟ್ಟಿಗೆ. ಕಾಲ ಬಳಿ ಯಾರದೋ ಮಗು ಆಡುತ್ತಿತ್ತು. ಕೆಟಲ್ ಇಡಲು ಜಾಗ ಸಿಕ್ಕಿ, ಕ್ಯಾಮೆರಾ ಕಣ್ಣಿಗೆ ಬರುವಷ್ಟರಲ್ಲಿ ಅಜ್ಜಿಯ ಮುಖದ ದೀಪ ಆರಿತ್ತು. “ಈ ನರ್ಸು ಯಾಕೆ ಅಳ್ತಾಳೆ?” ಎಂದು ಅವಳು ದೊಡ್ಡಮ್ಮನನ್ನು ಕೇಳುತ್ತಿದ್ದಳು.

ಹುಡುಗಿ ಕಣ್ಣೊರೆಸಿಕೊಳ್ಳುತ್ತ ಪಿನ್ನಕ್ಕನ ಕಡೆ ತಿರುಗಿ ನಕ್ಕಳು. ಸಿಕ್ಕಿತಲ್ಲ ಎನ್ನುವ ನಗು ಅದು. ಪಿನ್ನಕ್ಕ ತಲೆಯಾಡಿಸಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಸಂಜೆ ಮನೆಗೆ ಬಂದಾಗ ಅತ್ತೆ ಬೆಳಗಿನ ಬಟ್ಟೆಯ ಮೇಲೇ ಮಲಗಿದ್ದಳು.

“ನಿದ್ದೆ ಮಾಡ್ತಿದ್ಲು, ಎಬ್ಬಿಸೋದು ಯಾಕೆ ಅಂತ,” ಎಂದ ಗಂಡ.

ಕೆಟಲ್ಲಿನ ವಿಷಯ ಕೇಳಿ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. “ಅಷ್ಟಕ್ಕೆ ಯಾಕೆ ಜೀವ ಹೋದೋಳ ಹಾಗೆ ಕೂತಿದ್ದೀಯ, ಸರಿ ಮಾಡಿದ್ರಾಯ್ತು,” ಎಂದು ಕಂಪ್ಯೂಟರಿನ ಮುಂದೆ ಕುಳಿತ. ಊಟದ ಹೊತ್ತಿನಲ್ಲಿ ಸಿಹಿ ಬಾಯಿಗಿಟ್ಟಾಗ ಅಜ್ಜಿ ನಕ್ಕ ಫೋಟೊ ಒಂದಿತ್ತು. ಆ ಮುಖವನ್ನು ಬಿಡಿಸಿ, ಬಾಗಿಲಲ್ಲಿ ನಿಂತ ಕುರ್ಚಿಯ ಫೋಟೊಗೆ ಕೂಡಿಸಿ, ಕಿಟಕಿಯ ಬೆಳಕನ್ನು ಕೆನ್ನೆಯ ಮೇಲೆ ಎಳೆದ. ಮೇಲೆ ಎರಡು ಹನಿ ಕಣ್ಣೀರು.

“ನೋಡು, ಅಜ್ಜಿ ಗುರುತು ಹಿಡಿದ್ರು!”

ಎಲ್ಲೂ ಹೊಲಿಗೆ ಕಾಣುತ್ತಿರಲಿಲ್ಲ. ಕೈಚಳಕ ಅವನಲ್ಲಿ ಇಲ್ಲದೆ ಇರಲಿಲ್ಲ.

“ಇದನ್ನೇ ಕಳಿಸು. ಆ ಹುಡುಗಿಗೆ ಖುಷಿ, ನಿಂಗೂ ಹೆಸರು. ಅವಳ ಗೆಳತಿ ಮದುವೇನೂ ನಿಂಗೇ ಅಂತ ಹೇಳಿದಾಳಂತಲ್ಲ? ಸತ್ಯ ಹೇಳ್ತೀನಿ ಅಂತ ಹೊರಟ್ರೆ ನಾಳೆಯಿಂದ ಮತ್ತೆ ಪಿನ್ನು ಚುಚ್ಕೊಂಡಿರು. ಇಲ್ಲಿ ಯಾರ ಅಪ್ಪನ ಗಂಟೂ ಹೋಗಲ್ಲ.”

ಮರುದಿನ ಮಧ್ಯಾಹ್ನ ಅವನು ಹೊರಗೆ ಹೋದ. ಪಾತ್ರೆ ತೊಳೆದು, ಅತ್ತೆಯ ಬೆನ್ನಿಗೆ ಪುಡಿ ಹಚ್ಚಿ ಮಲಗಿಸಿ, ಪಿನ್ನಕ್ಕ ಕಂಪ್ಯೂಟರ್ ತೆರೆದಳು. ಆಲ್ಬಂ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಮೊದಲ ಪುಟದಲ್ಲಿ ಅಜ್ಜಿ ಅಳುತ್ತ ನಗುತ್ತಿದ್ದಳು. ಹುಡುಗಿ ಇದನ್ನು ನಂಬುತ್ತಾಳೆ. ಕೆಲವು ವರ್ಷಗಳ ನಂತರ ನಿಜವಾದ ಮುಖ ಮರೆತು ಇದೇ ಮುಖ ಅವಳಿಗೆ ನೆನಪಿರುತ್ತದೆ. ಒಂದು ಸಿಹಿಯ ತುಣುಕಿಗೆ ನಕ್ಕ ಮುಖ.

ಕಳಿಸದಿದ್ದರೆ? ಬೋರ್ಡು, ಟ್ರೇ, ಪಿನ್ನು. ಅದನ್ನು ಅವಳು ಊಹಿಸಬೇಕಾಗಿರಲಿಲ್ಲ.

ಅವಳು ಮುಖವನ್ನು ಅಳಿಸಿದಳು. ಅದರ ಹಿಂದಿನ ಬಾಗಿಲನ್ನು, ಕುರ್ಚಿಯನ್ನು ಅಳಿಸಿದಳು. ಬಿಳಿ ಪುಟ ಉಳಿಯಿತು. ಹಾಗೆಯೇ ಪ್ರಿಂಟಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಪ್ರಿಂಟಿನವನ ಫೋನು ಬಂತು. “ಮೇಡಂ, ಮೊದಲನೇ ಪೇಜು ಖಾಲಿ ಬಂದಿದೆ. ಸರ್‌ನ ಕೇಳ್ಲಾ?”

“ಕೇಳ್ಬೇಡಪ್ಪ. ಖಾಲೀನೇ ಇರ್ಲಿ.”

ಒಳಗಿನಿಂದ ಅತ್ತೆ ಮಂಚದ ಕಾಲಿಗೆ ಲೋಟ ಬಡಿಯತೊಡಗಿದಳು. ನೀರು ಬೇಕು. ಪಿನ್ನಕ್ಕನ ಕೈ ಆಗಲೇ ಮೇಜಿನ ಅಂಚು ಹಿಡಿದು ಏಳಲು ಹೊರಟಿತ್ತು. “ಬಂದೆ ಅತ್ತೆ, ಒಂದ್ನಿಮಿಷ,” ಎಂದು ಅವಳು ಕೂತಲ್ಲಿಂದಲೇ ಕೂಗಿ, ಹುಡುಗಿಯ ನಂಬರ್ ಒತ್ತಿದಳು.