ಕಂಪೈಲರ್ ಕಿತ್ತುಹಾಕಿದ ಐದು ಸೆಕೆಂಡು

ಬಸ್ ಡಿಪೋದ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರಿಗೂ ಆಕೆ ಪುಟ್ಟಿಯೇ. ತಲೆ ಅರ್ಧ ನರೆತಿದೆ, ಕನ್ನಡಕ ಎರಡಿವೆ, ಆದರೂ ಪುಟ್ಟಿ. ಹಾಗೆ ಕರೆದು ರೂಢಿ ಮಾಡಿದವಳು ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಅವಳ ಅಕ್ಕ. ಯಾವ ಡ್ರೈವರ್ ಯಾವ ಬಸ್ಸು ಹತ್ತಬೇಕೆಂದು ದಿನಾ ಪಟ್ಟಿ ತೆಗೆಯುವ ಪ್ರೋಗ್ರಾಮ್ ಬರೆದವಳೂ ಅಕ್ಕನೇ. ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು.

ಪ್ರೋಗ್ರಾಮ್ ಶುರುವಾದೊಡನೆ ಪರದೆಯ ಮೇಲೆ ಒಂದು ಸಾಲು ಬರುತ್ತಿತ್ತು: "ಪುಟ್ಟೀ, ಏನಾದ್ರೂ ತಿಂದ್ಯಾ?" ಐದು ಸೆಕೆಂಡು ಅಲ್ಲೇ ಇದ್ದು, ತಾನಾಗಿ ಅಳಿಸಿಹೋಗುತ್ತಿತ್ತು. ಅದನ್ನು ಅಷ್ಟು ಹೊತ್ತು ಹಿಡಿದಿಡಲು ಅಕ್ಕ ಮಾಡಿದ್ದ ಉಪಾಯ ಸುಲಭದ್ದು. ಯಂತ್ರಕ್ಕೆ ಸುಮ್ಮನೆ ಲಕ್ಷಗಟ್ಟಲೆ ಎಣಿಸಲು ಹೇಳಿದ್ದಳು. ಖಾಲಿ ಹೊಟ್ಟೆಯಲ್ಲಿ ಓಡಿಬರುವ ತಂಗಿಯನ್ನು ಗದರಲು ಅಷ್ಟು ಹೊತ್ತು ಸಾಕಿತ್ತು. ಅಕ್ಕ ಹೋದ ಮೇಲೂ ಪುಟ್ಟಿ ಆ ಐದು ಸೆಕೆಂಡಿಗಾಗಿಯೇ ಎಲ್ಲರಿಗಿಂತ ಮೊದಲು ಬರುತ್ತಿದ್ದಳು.

ಆ ಹಳೇ ಭಾಷೆಯದು ಆಮೆ ನಡಿಗೆ. ಯಂತ್ರ ಪ್ರತಿ ಸಲವೂ ಒಂದೊಂದೇ ಸಾಲು ಓದಿ, ಅರ್ಥ ಮಾಡಿಕೊಂಡು, ಆಮೇಲೆ ಹೆಜ್ಜೆ ಇಡಬೇಕು. ಹೊಸ ಯಂತ್ರ ಬರುತ್ತದೆ, ಎಲ್ಲವನ್ನೂ ಸಿ ಭಾಷೆಗೆ ತಂದು, ಕಂಪೈಲ್ ಮಾಡಿ, ಯಂತ್ರದ ಸ್ವಂತ ಮಾತಿಗೇ ಇಳಿಸಬೇಕೆಂದು ಡಿಪೋ ಸಾಹೇಬರ ಆಜ್ಞೆಯಾಯಿತು. ಪುಟ್ಟಿ ಎಂಟು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಸಾಲಿಗೆ ಸಾಲು ಹೋಲಿಸಿದಳು. ಅಕ್ಕನ ತಪ್ಪುಗಳನ್ನೂ ತಿದ್ದದೆ ತಂದಳು.

ಕೊನೆಯ ದಿನ, ಇನ್ನೂ ವೇಗ ಬೇಕೆಂದು, ಹಾಗೆ ಇಳಿಸಿಕೊಡುವ ಕಂಪೈಲರಿಗೆ ಬೇಡದ್ದನ್ನು ಬಿಟ್ಟುಬಿಡುವ ಪೂರ್ತಿ ಸ್ವಾತಂತ್ರ್ಯ ಕೊಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬಂತು. ಅಕ್ಕನ ಸಾಲು ಕಾಣಲೇ ಇಲ್ಲ.

ಪುಟ್ಟಿ ತಾನು ಬರೆದದ್ದನ್ನು ಮತ್ತೆ ತೆರೆದಳು. ಹುಡುಕಿದರೆ ಸಾಲು ಇದ್ದಲ್ಲೇ ಇತ್ತು. ಕಂಪೈಲರ್ ಎಂಬ ಮಹಾ ಜಾಣ, ಈ ಎಣಿಕೆಯಿಂದ ಏನೂ ಹುಟ್ಟುವುದಿಲ್ಲವೆಂದು ಎಣಿಕೆಯನ್ನೇ ಕಿತ್ತುಹಾಕಿದ್ದ. ಸಾಲು ಬಂದಷ್ಟೇ ಬೇಗ ಅಳಿಸಿಹೋಗುತ್ತಿತ್ತು.

"ಒಳ್ಳೇದೇ ಆಯ್ತಲ್ಲಮ್ಮ, ಕೆಲಸಕ್ಕೆ ಬಾರದ ಎಣಿಕೆ," ಎಂದರು ಸಾಹೇಬರು.

"ಅದು ನಮ್ಮಕ್ಕ, ಸಾರ್," ಎಂದಳು ಪುಟ್ಟಿ.

ಸಾಹೇಬರು ಬಗ್ಗಿ ಪರದೆಯ ಮೇಲಿದ್ದ ಆ ಸಾಲು ಓದಿದರು. "ನಿಮಗೆ ಹೇಗೆ ಬೇಕೋ ಹಾಗೆ ಇಟ್ಕೊಳ್ಳಿ."

ಎಣಿಸುವ ಗೊಡವೆಯೇ ಬೇಡವೆಂದು, ಯಾರಾದರೂ ಒಂದು ಕೀ ಒತ್ತುವವರೆಗೆ ಸಾಲು ನಿಲ್ಲುವಂತೆ ಬರೆದಳು. ಇದನ್ನು ಯಾವ ಜಾಣನೂ ಮುಟ್ಟುವಂತಿರಲಿಲ್ಲ. ಸಂಜೆ ಹಳೇ ಯಂತ್ರ ಗುಜರಿಗೆ ಹೋಯಿತು.

ಮರುದಿನ ಬೆಳಿಗ್ಗೆ ಸಾಲು ಬಂತು. ಐದು ಸೆಕೆಂಡಾಯಿತು, ಒಂದು ನಿಮಿಷವಾಯಿತು, ಸಾಲು ನಿಂತೇ ಇತ್ತು. ಪುಟ್ಟಿಗೆ ಕಣ್ತುಂಬ ನೋಡುವಷ್ಟು ಅಕ್ಕ ಸಿಕ್ಕಳು. ಅಷ್ಟರಲ್ಲಿ ಕಿಟಕಿಯ ಹೊರಗೆ ಡ್ರೈವರುಗಳು ಪಟ್ಟಿಗಾಗಿ ಗದ್ದಲ ಎಬ್ಬಿಸಿದರು. ಇಷ್ಟು ವರ್ಷ ಅಕ್ಕ ತಾನಾಗಿಯೇ ಹೋಗುತ್ತಿದ್ದಳು. ಇನ್ನು ಪಟ್ಟಿ ಬರಬೇಕಾದರೆ ದಿನಾ ಪುಟ್ಟಿಯೇ ಕೀ ಒತ್ತಿ ಅವಳನ್ನು ಕಳಿಸಬೇಕು. ಬರೆಯುವಾಗ ಅದು ಹೊಳೆದಿರಲಿಲ್ಲ. ಬೆರಳು ಕೀ ಮೇಲೆ ಇತ್ತು, ಒತ್ತಲು ಮನಸ್ಸು ಬರಲಿಲ್ಲ.

ಪುಟ್ಟಿ ಎದ್ದು, ಮುಂದೆ ನಿಂತಿದ್ದ ಡ್ರೈವರನ್ನು ಕರೆದಳು. "ಅಣ್ಣಾ, ಒಳಗೆ ಬನ್ನಿ. ಇದೊಂದನ್ನ ನೀವೇ ಒತ್ತಿಬಿಡಿ," ಎಂದು ಗೋಡೆಯತ್ತ ತಿರುಗಿ ನಿಂತಳು.